ಸಂಪಾದಕೀಯ: ಆ ದಡದವರು

ಅಮೆರಿಕದ ಸೇಂಟ್ ಲೂಯಿಸ್‌ನ ನಮ್ಮ ಕನ್ನಡ ಸಂಘದ ದೀಪಾವಳಿ-ರಾಜ್ಯೋತ್ಸವ ಸಂಚಿಕೆಯ ಪುಟಗಳೆಲ್ಲ ತಯಾರಾಗಿವೆ, ಇದೊಂದು ಬಿಟ್ಟು. ಪ್ರೆಸ್ಸಿನವರು ನಾಳೆ ಬೆಳಿಗ್ಗೆಯೇ ಫೈಲ್ ಬೇಕು ಅಂದಿದ್ದಾರೆ. ಹಣತೆ, ಕತ್ತಲೆ, ಬೆಳಕು ಅಂತ ಶುರು ಮಾಡಿದೆ. ಪ್ರತಿ ವರ್ಷ ಅದನ್ನೇ ಬರೆದು ನನಗೇ ಬೇಜಾರು, ಓದುವ ನಿಮ್ಮ ಪಾಡು ಕೇಳಬೇಕೇ? ಅಳಿಸಿ ಹಾಕಿದೆ. ಈ ಸಲ ಸೇತುವೆ ಬಗ್ಗೆ.

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆದಾಗಿನಿಂದ ನಮ್ಮ ವಾಟ್ಸಾಪ್ ಗುಂಪಿನ ತುಂಬ ಅದರದ್ದೇ ವಿಡಿಯೋ. ಶರಾವತಿ ಹಿನ್ನೀರಿನ ಮೇಲೆ, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಸುಮಾರು 2.4 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ. ಅಲ್ಲಿಯ ತನಕ ಜನ, ಗಾಡಿ ಎಲ್ಲ ದಾಟುತ್ತಿದ್ದದ್ದು ಲಾಂಚ್ ಎಂಬ ದೊಡ್ಡ ದೋಣಿಯಲ್ಲಿ. ಸೇತುವೆ ನೋಡಲು ಚೆನ್ನಾಗಿಯೇ ಇದೆ. ಆದರೆ ವಿಡಿಯೋ ಕೆಳಗೆ ನಮ್ಮವರ ಮಾತು ನೋಡಿ: "ಛೇ, ಲಾಂಚಿನ ಮಜಾನೇ ಹೋಯ್ತು." "ಎಲ್ಲ ಕಡೆ ಕಾಂಕ್ರೀಟು." ಒಬ್ಬರಂತೂ ಅಳುವ ಮುಖಗಳನ್ನು ಸಾಲಾಗಿ ಹಾಕಿದ್ದರು. ದೇವಸ್ಥಾನಕ್ಕೆ ಅಂತ ಹೋಗಿ, ಲಾಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಬೆಂಗಳೂರು ಬಸ್ಸು ಹಿಡಿದವರು ಇವರು. ನನಗೆ ಸಿಟ್ಟು ಬಂತು. ಗುಂಪಿನಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದೆ. ಇಲ್ಲಿ ಸಂಪಾದಕಿ ನಾನೇ, ಯಾರೂ ತಡೆಯುವಂತಿಲ್ಲ.

ಆಗಸ್ಟಿನಲ್ಲಿ ನಮ್ಮ ಪಿಕ್ನಿಕ್‌ಗೆ ಹೋದವರಿಗೆ ನೆನಪಿರಬಹುದು. ಸೇಂಟ್ ಚಾರ್ಲ್ಸ್ ಕಡೆಯಿಂದ ಗೋಲ್ಡನ್ ಈಗಲ್ ಫೆರಿ ಹತ್ತಿ, ಮಿಸಿಸಿಪ್ಪಿ ನದಿ ದಾಟಿ ಇಲಿನಾಯ್ ರಾಜ್ಯದ ಕ್ಯಾಲ್ಹೂನ್ ಕೌಂಟಿಗೆ ಹೋದೆವು. ಫೆರಿಯಲ್ಲಿ ಕಾರು ನಿಲ್ಲಿಸಿದ್ದೇ ತಡ, ದೊಡ್ಡವರೆಲ್ಲ ಕೆಳಗಿಳಿದು "ಥೇಟ್ ಸಿಗಂದೂರು, ಅಲ್ವಾ?" ಅಂತ ಕಣ್ಣು ಒರೆಸಿಕೊಳ್ಳುವುದು ಶುರುವಾಯಿತು. ನಮ್ಮ ಕನ್ನಡ ತರಗತಿಯ ಒಬ್ಬ ಹುಡುಗಿ ಮಾತ್ರ ಆ ಕಡೆಯ ದಡವನ್ನೇ ನೋಡುತ್ತಿದ್ದಳು. "ಆಂಟಿ, ಅಲ್ಲಿ ಇರೋರಿಗೆ ರಾತ್ರಿ ಹುಷಾರು ತಪ್ಪಿದ್ರೆ ಏನ್ ಮಾಡ್ತಾರೆ?" ಅವಳಪ್ಪ ಹೇಳಿದರು, ಕೌಂಟಿಯ ಆಚೆ ಬದಿಗೆ ಇಲಿನಾಯ್ ನದಿ ಇದೆ, ಹಾರ್ಡಿನ್ ಊರಲ್ಲಿ ಅದಕ್ಕೊಂದು ಸೇತುವೆ ಇದೆ ಪುಟ್ಟಾ ಅಂತ. "ಹಾಗಾದ್ರೆ ಓಕೆ," ಅಂದವಳೇ ಚಿಪ್ಸ್ ಪ್ಯಾಕೆಟ್ ಒಡೆದಳು. ಗುಂಪಿನಲ್ಲಿ ಅತ್ತವರಲ್ಲಿ ಒಬ್ಬರಿಗೂ ಹೊಳೆಯದ ಪ್ರಶ್ನೆ ಅದು.

ನನ್ನ ಅಜ್ಜನ ಮನೆ ಇದ್ದದ್ದು ತುಮರಿ ಕಡೆ. ಅಂದರೆ ಶರಾವತಿ ಹಿನ್ನೀರಿನ ಆ ದಡ. 1964ರಲ್ಲಿ ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಜ್ಜನ ಹಳೇ ಮನೆ, ತೋಟ, ಗದ್ದೆ ಎಲ್ಲ ಒಳಗೆ ಹೋಯಿತು. ಉಳಿದ ಗುಡ್ಡದ ಮೇಲೆ ಹೊಸ ಮನೆ ಕಟ್ಟಿಕೊಂಡರು. ರಜೆಗೆ ಸಾಗರದಿಂದ ಬಸ್ಸಿನಲ್ಲಿ ಹೊಳೆಬಾಗಿಲಿಗೆ ಬಂದು ಲಾಂಚಿಗೆ ಕಾಯುತ್ತಿದ್ದೆವು. ಮಕ್ಕಳಿಗೆ ಅದು ಹಬ್ಬವೇ. ಡೀಸೆಲ್ ವಾಸನೆ, ಅಡಿಕೆ ಮೂಟೆ, ಸೈಕಲ್ಲು, ಕಾಲು ಕಟ್ಟಿದ ಕೋಳಿ. ಜೀಪು ಹತ್ತಿಸುವಾಗ "ಹಿಂದೆ, ಹಿಂದೆ, ಸ್ವಲ್ಪ ಎಡಕ್ಕೆ, ಸಾಕು ಮಾರಾಯ ಸಾಕು!" ಅಂತ ಊರಿಗೆ ಊರೇ ಕೂಗುವುದು. ಬೇಸಿಗೆಯಲ್ಲಿ ನೀರು ಇಳಿದರೆ ಒಣಗಿದ ಮರದ ಬೊಡ್ಡೆಗಳು ನೀರಿನ ಮೇಲೆ ತಲೆ ಎತ್ತುತ್ತಿದ್ದವು. ಇನ್ನೂ ಇಳಿದರೆ ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿ, ಅದರ ನೀರಿನಲ್ಲೇ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಕಾಣುತ್ತಿತ್ತು. ಅಮ್ಮ ಬೆರಳು ತೋರಿಸಿ, "ಅಲ್ಲೇ ಎಲ್ಲೋ ನಮ್ಮ ಬಾವಿ ಇತ್ತು" ಅನ್ನುತ್ತಿದ್ದಳು. ಪ್ರತಿ ಸಲವೂ ಬೇರೆ ಬೇರೆ ಕಡೆ ತೋರಿಸುತ್ತಿದ್ದಳು. ಅಜ್ಜ ಲಾಂಚಿನಲ್ಲಿ ಯಾವತ್ತೂ ಎಂಜಿನ್ ಕಡೆ ಮುಖ ಮಾಡಿ ಕೂರುವರು, ನೀರಿನ ಕಡೆ ನೋಡುತ್ತಿರಲಿಲ್ಲ.

ಒಂದು ಮಳೆಗಾಲ ನಾನು ಅಲ್ಲೇ ಇದ್ದೆ. ಸಂಜೆ ಅಜ್ಜಿಗೆ ಜ್ವರ ಏರಿತು, ಮಾತು ತೊದಲತೊಡಗಿತು. ಮಾವ ಪಕ್ಕದ ಮನೆಯವರ ಜೀಪು ತಂದು ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊಳೆ ಹತ್ತಿರ ಬರುವಷ್ಟರಲ್ಲಿ ಕೊನೆಯ ಲಾಂಚ್ ಹೋಗಿ ಆಗಿತ್ತು. ಕಾಡಿನ ಸುತ್ತು ದಾರಿಯಲ್ಲಿ ಹೋಗೋಣ ಅಂದರೆ ಮರ ಬಿದ್ದಿದೆ ಅಂದರು. ದೋಣಿಯಲ್ಲಿ ಹೋಗೋಣ ಅಂದರೆ ಆ ಗಾಳಿಯಲ್ಲಿ ದೋಣಿ ಇಳಿಸುವವರು ಯಾರು? ಮಾವ ದಡದಲ್ಲಿ ನಿಂತು ಜೀಪಿನ ಲೈಟು ಹಾಕಿ ಆರಿಸಿ, ಹಾಕಿ ಆರಿಸಿ ಮಾಡಿದರು. ಆ ಕಡೆ ಯಾರಾದರೂ ನೋಡಿಯಾರು ಅಂತ. ಯಾರೂ ನೋಡಲಿಲ್ಲ. ದಡದ ಹತ್ತಿರದ ಮನೆಯವರು ಬಿಸಿನೀರು, ಕಂಬಳಿ ಕೊಟ್ಟರು. ನನಗೆ ಅವಲಕ್ಕಿ ಕಲಸಿ ಕೊಟ್ಟರು. ಬೆಳಗಿನ ಮೊದಲ ಲಾಂಚ್ ಬರುವ ತನಕ ಅಮ್ಮ ಅಜ್ಜಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು. ಅಜ್ಜ ಒಂದೇ ಮಾತು ಹೇಳಿದರು: "ಕರೆಂಟು ಊರಿಗೆಲ್ಲ, ನೀರು ಮಾತ್ರ ನಮಗೆ."

ಅಜ್ಜಿ ಬದುಕಿಕೊಂಡಳು. ಆದರೆ ಆಮೇಲೆ ಮಳೆಗಾಲದಲ್ಲಿ ಆ ಮನೆಯಲ್ಲಿ ಇರಲು ಒಪ್ಪಲಿಲ್ಲ. ಜೂನ್ ಬಂತು ಅಂದರೆ ಟ್ರಂಕು ತುಂಬಿಕೊಂಡು ಸಾಗರಕ್ಕೆ, ನಮ್ಮ ಮನೆಗೆ. ಅಜ್ಜ ಅಲ್ಲಿ, ಅಜ್ಜಿ ಇಲ್ಲಿ. ವಯಸ್ಸಾದ ಗಂಡ ಹೆಂಡತಿ ವರ್ಷದಲ್ಲಿ ನಾಲ್ಕು ತಿಂಗಳು ಬೇರೆ ಬೇರೆ ದಡದಲ್ಲಿ. ಲಾಂಚಿನ ಮಜಾ ಅಂದರೆ ಇದೂ ಸೇರಿ.

ನಾವೀಗ ಇರುವ ಈ ಊರಿನ ಕಥೆಯೂ ಹೀಗೇ ಇತ್ತು. ಸೇಂಟ್ ಲೂಯಿಸ್‌ನಲ್ಲಿ 1874ರ ತನಕ ಮಿಸಿಸಿಪ್ಪಿಗೆ ಸೇತುವೆ ಇರಲಿಲ್ಲ. ಪೂರ್ವದಿಂದ ಬಂದ ರೈಲು ಇಲಿನಾಯ್ ದಡದಲ್ಲೇ ನಿಲ್ಲುತ್ತಿತ್ತು. ಜನ, ಸಾಮಾನು, ಕಲ್ಲಿದ್ದಲು ಎಲ್ಲವನ್ನೂ ಫೆರಿಗೆ ಹಾಕಿ ಈ ಕಡೆ ತರಬೇಕು. ದಾಟಿಸುವ ವ್ಯವಹಾರ ಬಹುಪಾಲು ವಿಗ್ಗಿನ್ಸ್ ಫೆರಿ ಕಂಪನಿಯ ಕೈಯಲ್ಲಿತ್ತು. ಚಳಿಗಾಲದಲ್ಲಿ ನದಿ ತುಂಬ ಮಂಜುಗಡ್ಡೆ ಬಂದರೆ ಫೆರಿ ಬಂದ್, ಊರಿಗೆ ಕಲ್ಲಿದ್ದಲೂ ಬಂದ್. ಜನವರಿಯಲ್ಲಿ ಇಲ್ಲಿನ ಚಳಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಉತ್ತರದ ರಾಕ್ ಐಲೆಂಡ್‌ನಲ್ಲಿ 1856ರ ಏಪ್ರಿಲ್‌ನಲ್ಲಿ ಮಿಸಿಸಿಪ್ಪಿಯ ಮೇಲಿನ ಮೊದಲ ರೈಲು ಸೇತುವೆ ಆಯಿತು. ಶಿಕಾಗೋದ ರೈಲು ನೇರ ಅಯೋವಾಕ್ಕೆ. ಸರಿಯಾಗಿ ಎರಡು ವಾರ ಆಗಿರಬೇಕು, ಮೇ 6ರಂದು ಎಫೀ ಆಫ್ಟನ್ ಎಂಬ ಉಗಿದೋಣಿ ಸೇತುವೆಯ ಕಂಬಕ್ಕೆ ಬಡಿದು ಹೊತ್ತಿಕೊಂಡಿತು. ಸೇತುವೆಯ ಒಂದು ಭಾಗವೂ ಸುಟ್ಟು ಬಿತ್ತು. ದೋಣಿಯವರು ಕೋರ್ಟಿಗೆ ಹೋದರು: ನದಿ ಇರುವುದು ನಮಗೆ, ಅಡ್ಡ ಕಂಬ ನೆಟ್ಟವರು ನೀವು. 1857ರಲ್ಲಿ ಶಿಕಾಗೋದಲ್ಲಿ ಸೇತುವೆ ಪರ ವಾದಿಸಿದ ವಕೀಲರಲ್ಲಿ ಒಬ್ಬರು ಅಬ್ರಹಾಂ ಲಿಂಕನ್. ನದಿಯ ಉದ್ದಕ್ಕೆ ಹೋಗುವವನಿಗೆ ಎಷ್ಟು ಹಕ್ಕಿದೆಯೋ, ಅಡ್ಡ ದಾಟುವವನಿಗೂ ಅಷ್ಟೇ ಹಕ್ಕಿದೆ ಎಂಬುದು ಅವರ ವಾದದ ತಿರುಳು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಸೇತುವೆ ಉಳಿಯಿತು. ವಾಟ್ಸಾಪ್ ಗುಂಪಿನಲ್ಲಿ ನಾನು ಹೇಳಬೇಕಿದ್ದದ್ದೂ ಇದೇ. ನನ್ನ ಅಜ್ಜಿ ಅಡ್ಡ ದಾಟುವವಳು.

ಸೇಂಟ್ ಲೂಯಿಸ್‌ನ ಆ ಮೊದಲ ಸೇತುವೆ, ಅಂದರೆ ನಮ್ಮ ಈಡ್ಸ್ ಸೇತುವೆ ಕಟ್ಟಿದ ಜೇಮ್ಸ್ ಈಡ್ಸ್ ಅದಕ್ಕೂ ಮೊದಲು ಸೇತುವೆಯನ್ನೇ ಕಟ್ಟಿರಲಿಲ್ಲ. ಮುಳುಗಿದ ದೋಣಿಗಳ ಸಾಮಾನು ಎತ್ತುವ ಕೆಲಸ ಅವರದ್ದು. ಗಾಳಿ ತುಂಬಿದ ಗಂಟೆಯಾಕಾರದ ಡಬ್ಬದಲ್ಲಿ ಇಳಿದು ಮಿಸಿಸಿಪ್ಪಿಯ ತಳದಲ್ಲಿ ನಡೆದಾಡಿದ್ದರು. ಮೇಲಿನ ಮರಳು ಹೇಗೆ ಸರಿಯುತ್ತದೆ ಅಂತ ಕಂಡಿದ್ದರಿಂದ, ಕಂಬ ಮರಳಿನ ಮೇಲಲ್ಲ, ಕೆಳಗಿನ ಬಂಡೆಯ ಮೇಲೇ ನಿಲ್ಲಬೇಕು ಅಂತ ಹಟ ಹಿಡಿದರು. ಅದಕ್ಕೆ ಒತ್ತಡದ ಗಾಳಿ ತುಂಬಿದ ಕೈಸನ್‌ಗಳಲ್ಲಿ (ನದಿಯ ತಳಕ್ಕೆ ಇಳಿಸುವ, ಅಡಿ ತೆರೆದ ದೊಡ್ಡ ಪೆಟ್ಟಿಗೆಗಳು) ಕೆಲಸಗಾರರು ಇಳಿದು ಮರಳು ಅಗೆದರು. ಆಳದಿಂದ ಬೇಗ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತದೆ ಎಂಬುದು ಆಗ ಸರಿಯಾಗಿ ಗೊತ್ತಿರಲಿಲ್ಲ. ಕೈಕಾಲು ಸೆಟೆದು ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರನ್ನು ನೋಡಿಕೊಳ್ಳಲು ಇದ್ದ ಡಾಕ್ಟರ್ ಜಾಮಿನೆ ತಾವೂ ಕೆಳಗಿಳಿದು ಬಂದು ಅದೇ ಕಾಯಿಲೆಗೆ ಸಿಕ್ಕಿ, ಹೇಗೋ ಪಾರಾದರು. ಆಮೇಲೆ ಕೆಳಗಿನ ಪಾಳಿಯ ಹೊತ್ತು ಕಡಿಮೆ ಮಾಡಿಸಿದರು.

ಸೇತುವೆ ಮುಗಿದರೂ ಜನಕ್ಕೆ ನಂಬಿಕೆ ಇಲ್ಲ. 1874ರ ಜೂನ್ 14ಕ್ಕೆ ಅದರ ಮೇಲೆ ಒಂದು ಆನೆಯನ್ನು ನಡೆಸಿದರು! ಗಟ್ಟಿ ಇಲ್ಲದ ಕಡೆ ಆನೆ ಕಾಲಿಡುವುದಿಲ್ಲ ಎಂಬ ನಂಬಿಕೆ. ಆನೆ ಆರಾಮಾಗಿ ದಾಟಿತು. (ದಸರಾ ನೋಡಿ ಬೆಳೆದ ನಮಗೆ ಇದು ಬಿಟ್ಟರೆ ಬೇರೆ ಪರೀಕ್ಷೆಯೇ ಬೇಕಿಲ್ಲ.) ಆಮೇಲೆ 14 ರೈಲು ಎಂಜಿನ್ ಓಡಿಸಿ ನೋಡಿ, ಜುಲೈ 4ಕ್ಕೆ ಉದ್ಘಾಟನೆ. ಮೇಲೆ ರಸ್ತೆ, ಕೆಳಗೆ ರೈಲು. ಒಂದು ವರ್ಷದೊಳಗೆ ಸೇತುವೆ ಕಂಪನಿ ದಿವಾಳಿ ಎದ್ದಿತು, ಅದು ಬೇರೆ ಕಥೆ. 1993ರಿಂದ ಅದೇ ಕೆಳಗಿನ ಅಂತಸ್ತಿನಲ್ಲಿ ಊರಿನ ರೈಲು ಮೆಟ್ರೋಲಿಂಕ್ ಓಡುತ್ತಿದೆ. ನಮ್ಮಲ್ಲಿ ಎಷ್ಟೋ ಜನ ದಿನಾ ಫೋನ್ ನೋಡುತ್ತ ದಾಟುವ ಸೇತುವೆ ಅದು.

ಪುಟ ಮುಗಿಯುತ್ತ ಬಂತು, ಸೂಚನೆಗಳು ಬೇಗ ಬೇಗ. ಈ ವರ್ಷ ನವೆಂಬರ್ 1 ಶನಿವಾರವೇ ಬಂದಿದೆ. ಆದರೆ ಹಾಲ್ ಸಿಕ್ಕಿದ್ದು ನವೆಂಬರ್ 8ಕ್ಕೆ. ರಾಜ್ಯೋತ್ಸವ ಅವತ್ತೇ, ಮಧ್ಯಾಹ್ನ 3ಕ್ಕೆ, ಭಾರತದ 3 ಅಲ್ಲ. ಜಾಗ ಮಿಸ್ಸೌರಿಯ ಓಫಾಲನ್. ಇಲಿನಾಯ್‌ನಲ್ಲೂ ಒಂದು ಓಫಾಲನ್ ಇದೆ, ದಯವಿಟ್ಟು ಜಿಪಿಎಸ್ ನೋಡಿಕೊಳ್ಳಿ. ಮಕ್ಕಳ ನಾಟಕದ ಅಭ್ಯಾಸ ಪ್ರತಿ ಭಾನುವಾರ, ರಾಜನ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಊಟಕ್ಕೆ ಹೆಸರು ಕೊಡದೆ ಬಂದು ಹೋಳಿಗೆ ಸಿಗಲಿಲ್ಲ ಅಂತ ನನ್ನನ್ನು ಬೈಯಬೇಡಿ. ಸದಸ್ಯತ್ವ ಶುಲ್ಕ ಡಿಸೆಂಬರ್ ಒಳಗೆ. ಮುಂದಿನ ಸಂಚಿಕೆಗೆ ಕರಡು ತಿದ್ದಲು ಒಬ್ಬರು ಬೇಕೇ ಬೇಕು. ಒತ್ತಕ್ಷರ ಗೊತ್ತಿದ್ದರೆ ಸಾಕು, ರಾತ್ರಿ ಹನ್ನೊಂದರ ಮೇಲೆ ಎಚ್ಚರ ಇರುವ ಅಭ್ಯಾಸ ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು, ಇದನ್ನು ಮಾತ್ರ ಪೂರ್ತಿ ಓದಿ. ನಮ್ಮ ಕಾರ್ಯಕ್ರಮಗಳೆಲ್ಲ ಮಿಸ್ಸೌರಿ ಕಡೆಯೇ ಆಗುತ್ತವೆ ಅಂತ ನದಿಯಾಚೆ ಇಲಿನಾಯ್‌ನ ಎಡ್ವರ್ಡ್ಸ್‌ವಿಲ್ ಕಡೆಯವರ ದೂರು ಹಳೆಯದು, ಮತ್ತು ನ್ಯಾಯವಾದದ್ದು. ಅಲ್ಲಿ ಈಗ ಊರಿನಿಂದ ಬಂದ ಅಪ್ಪ ಅಮ್ಮಂದಿರು ಬಹಳ ಜನ ಇದ್ದಾರೆ. ಮಕ್ಕಳು ಕೆಲಸಕ್ಕೆ ಹೋದರೆ ಅವರಿಗೆ ಕಾರಿಲ್ಲ, ಬಸ್ಸಿಲ್ಲ, ಮಾತಾಡಲು ಪಕ್ಕದ ಮನೆಯೂ ಇಲ್ಲ. ಹೋದ ಗಣೇಶ ಹಬ್ಬಕ್ಕೆ ಒಬ್ಬ ಅಜ್ಜಿ ರೇಷ್ಮೆ ಸೀರೆ ಉಟ್ಟು ಕೂತಿದ್ದರಂತೆ, ಕರೆದುಕೊಂಡು ಬರುವವರು ಸಿಗಲಿಲ್ಲ. ಅಷ್ಟು ಸೇತುವೆ ಇಟ್ಟುಕೊಂಡು ಇದು ನಾಚಿಕೆಗೇಡು. ನವೆಂಬರ್ 8ಕ್ಕೆ ಆ ದಡದಿಂದ ಹಿರಿಯರನ್ನು ಕರೆತಂದು, ರಾತ್ರಿ ವಾಪಸ್ಸು ಬಿಡಲು ಕಾರುಗಳು ಬೇಕು. ಈ ದಡದವರೇ ಜಾಸ್ತಿ ಇರುವುದರಿಂದ ಈ ದಡದವರೇ ಹೋಗಬೇಕು. ಎಷ್ಟು ಸೀಟು ಖಾಲಿ ಇದೆ, ಎತ್ತರದ ಗಾಡಿಯಾದರೆ ಹತ್ತಲು ಸ್ಟೂಲ್ ಇದೆಯಾ, ಎಷ್ಟು ಹೊತ್ತಿಗೆ ಹೊರಡಬಲ್ಲಿರಿ, ಇಷ್ಟನ್ನು ನವೆಂಬರ್ 5ರ ಬುಧವಾರದೊಳಗೆ ಸಂಘದ ಇಮೇಲಿಗೆ ಬರೆಯಿರಿ. ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ, ಅಲ್ಲಿ ಸೇತುವೆ ವಿಡಿಯೋಗಳ ಮಧ್ಯೆ ಕಳೆದುಹೋಗುತ್ತದೆ.