ಭಾನುವಾರದ ಪಿಚಿಂಗ್ ಅಭ್ಯಾಸಕ್ಕೆ ಸೂಚನೆ

ಮಾನ್ಯ ಪೋಷಕರೇ,

ಭಾನುವಾರ ಮೈಸೂರಿನಲ್ಲಿ ನಡೆಯುವ ಸಾಫ್ಟ್‌ಬಾಲ್ ಅಭ್ಯಾಸಕ್ಕೆ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ) ಮಕ್ಕಳು, ಚೆಂಡು ತಿರುಗುವ ರೀತಿ ಕಣ್ಣಿಗೆ ಕಾಣುವಂತೆ, ತಮ್ಮ ಚೆಂಡಿನ ನಡುವೆ ಕಪ್ಪು ಇನ್ಸುಲೇಷನ್ ಟೇಪನ್ನು ಒಂದು ಸುತ್ತು ಅಂಟಿಸಿಕೊಂಡು ಬರಬೇಕಾಗಿ ಕೋರುತ್ತೇನೆ. ಚೆಂಡು ಮುಂದಕ್ಕೆ ಉರುಳುವಂತೆ ತಿರುಗಿದರೆ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ, ಹಿಮ್ಮುಖವಾಗಿ ತಿರುಗಿದರೆ ಮೇಲಕ್ಕೆ ಎತ್ತುತ್ತದೆ. ಇದಕ್ಕೆ ಮ್ಯಾಗ್ನಸ್ ಪರಿಣಾಮವೆಂದು ಹೆಸರು. ಹಿಮ್ಮುಖವಾಗಿ ತಿರುಗಿಸಿ ಎಸೆಯುವ ರೈಸ್ ಬಾಲ್ ನಡುದಾರಿಯಲ್ಲಿ ಜಿಗಿದಂತೆ ಬ್ಯಾಟರ್‌ಗೆ ತೋರಿದರೂ, ನಿಜದಲ್ಲಿ ಅದು ಗುರುತ್ವದಿಂದ ಇಳಿಯಬೇಕಾದಷ್ಟು ಇಳಿಯುವುದಿಲ್ಲ, ಅಷ್ಟೆ. ಬಂದೂಕಿನ ಗುಂಡಿನಂತೆ, ಸಾಗುವ ದಿಕ್ಕನ್ನೇ ಅಕ್ಷವಾಗಿಸಿಕೊಂಡು ಸುತ್ತುವ ಚೆಂಡು ಮಾತ್ರ ಎಷ್ಟೇ ರಭಸವಾಗಿ ತಿರುಗಿದರೂ ಅಷ್ಟಾಗಿ ಬಾಗದು, ಮತ್ತು ನಮ್ಮ ಹಲವು ಮಕ್ಕಳ ತೊಡಕು ಇದೇ ಎಂಬುದು ನನ್ನ ಅಭಿಪ್ರಾಯ. ಡ್ರಾಪ್ ಬಾಲ್ (ಮುಂದಕ್ಕೆ ಉರುಳುವಂತೆ ತಿರುಗಿ ಕೆಳಕ್ಕೆ ಬಾಗುವ ಚೆಂಡು) ಎಸೆದಾಗ ಟೇಪು ಅಲುಗದೆ ನೇರ ಗೆರೆಯಾಗಿ ಕಂಡರೆ ತಿರುಗುವ ಅಕ್ಷ ಸರಿಯಿದೆ; ತೊನೆದಾಡಿದರೆ ಚೆಂಡು ಬಿಡುವಾಗಿನ ಬೆರಳು, ಮಣಿಕಟ್ಟುಗಳನ್ನು ತಿದ್ದಬೇಕು. ಅಲ್ಲಿಯವರೆಗೆ ವೇಗಕ್ಕಾಗಿ ಮಕ್ಕಳನ್ನು ದಯವಿಟ್ಟು ಒತ್ತಾಯಿಸಬೇಡಿ.