ಸೆಲ್ಫ್ ಮುರಿದರೆ ಟ್ರ್ಯಾಕ್ಟರ್ ಬಿಚ್ಚಬೇಕಂತಿಲ್ಲ

ಪ್ರೀತಿಯ ಮಂಜು,

ಟ್ರ್ಯಾಕ್ಟರಿನ ಸೆಲ್ಫ್, ಅಂದರೆ ಎಂಜಿನ್ ಸ್ಟಾರ್ಟ್ ಮಾಡುವ ಮೋಟರ್, ಮುರಿದಿದೆ ಅಂತ ನಿನ್ನ ಫೋನ್ ಬಂದಾಗ ಗೋವಿನಜೋಳದ ಹೊಲದಲ್ಲಿದ್ದೆ, ಗಾಳಿಗೆ ಅರ್ಧ ಕೇಳಿಸಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕಿದ್ದೇನೆ, ಬೇಜಾರು ಮಾಡ್ಕೋಬೇಡ.

ಬಿತ್ತನೆಯ ಅವಸರ ಅಂತ ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡಲು ಮಾತ್ರ ಹೋಗಬೇಡ. ಸೆಲ್ಫ್ ಮೂತಿ ಒಡೆದಿದೆ ಅಂದೆಯಲ್ಲ, ಆ ಚೂರುಗಳು ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಇರುವ ಹೌಸಿಂಗ್ ಒಳಗೇ ಬಿದ್ದಿರುತ್ತವೆ. ಎಂಜಿನ್ ತಿರುಗಿದರೆ ಒಂದು ಚೂರು ಆ ಚಕ್ರದ ಸುತ್ತಲಿನ ರಿಂಗ್ ಗೇರಿನ ಹಲ್ಲಿಗೂ ಹೌಸಿಂಗಿಗೂ ನಡುವೆ ಸಿಕ್ಕಿಕೊಂಡರೆ ಸಾಕು. ಬೀಡಿನ (ಎರಕದ ಕಬ್ಬಿಣದ) ಹೌಸಿಂಗ್ ಸೀಳಿದರೆ ಸೆಲ್ಫ್ ಖರ್ಚು ಏನೂ ಅಲ್ಲ ಅನಿಸುತ್ತದೆ.

ಹೋದ ವರ್ಷ ನಮ್ಮದೂ ಹೀಗೇ ಆದಾಗ ಮೆಕ್ಯಾನಿಕ್ ನೋಡಿದವನೇ ‘ನಡುವೆ ಬಿಚ್ಚಲೇಬೇಕು’ ಅಂದ. ಲಾರಿಗಿದ್ದಂತೆ ನಮ್ಮ ಟ್ರ್ಯಾಕ್ಟರಿಗೆ ಬೇರೆ ಚಾಸಿ ಇಲ್ಲ. ಎಂಜಿನ್, ಗೇರ್‌ಬಾಕ್ಸ್ ಒಂದಕ್ಕೊಂದು ಬೋಲ್ಟ್ ಆಗಿರುವುದೇ ಅದರ ಮೈ. ಬಿಚ್ಚುವುದೆಂದರೆ ಅಕ್ಷರಶಃ ಎರಡು ಹೋಳು ಮಾಡುವುದು. ನಮ್ಮ ಕಾಕಾ ಬೀಡಿ ಹಚ್ಚಿಕೊಂಡು, ‘ಚೂರು ಬಿದ್ದ ದಾರಿ ಇದೆಯಲ್ಲೋ, ಅಲ್ಲಿಂದಲೇ ತೆಗಿ’ ಅಂದರು.

ಮೊದಲು ಬ್ಯಾಟರಿಯ ಅರ್ಥ್ ತಂತಿ ಬಿಚ್ಚು. ಆಮೇಲೆ ಸೆಲ್ಫ್ ಇಳಿಸಿ, ಆ ತೂತಿನಲ್ಲಿ ಟಾರ್ಚ್ ಬಿಡು. ಕ್ಲಚ್ ಧೂಳು, ಆಯಿಲ್ ಸೇರಿ ಕಪ್ಪು ರಾಡಿ ಕಾಣುತ್ತದೆ. ಚೂರುಗಳು ಅದರಲ್ಲೇ ಅಂಟಿರುತ್ತವೆ. ಬಗ್ಗುವ ಕಡ್ಡಿಯ ಮ್ಯಾಗ್ನೆಟ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದನ್ನು ಹಾಗೇ ಒಳಗೆ ಬಿಟ್ಟರೆ ಸಿಕ್ಕ ಸಿಕ್ಕ ಕಬ್ಬಿಣಕ್ಕೆಲ್ಲಾ ಕಚ್ಚಿಕೊಂಡು ತಲೆ ಕೆಡಿಸುತ್ತದೆ. ವೈರಿಂಗ್ ಪೈಪಿನ ತುಂಡಿನೊಳಗೆ ಅದನ್ನು ತೂರಿಸಿ, ತುದಿ ಮಾತ್ರ ಹೊರಗಿಡು. ಆಗ ಬೇಕಾದ ಕಡೆಗೇ ಹೋಗುತ್ತದೆ.

ಸೆಲ್ಫ್ ಮೂತಿ ಅಲ್ಯುಮಿನಿಯಂ ಆಗಿದ್ದರೆ ಮ್ಯಾಗ್ನೆಟ್ ಕೆಲಸಕ್ಕೆ ಬರಲ್ಲ. ಕಡ್ಡಿ ತುದಿಗೆ ಗಟ್ಟಿ ಗ್ರೀಸ್ ಮೆತ್ತಿ ಒತ್ತಿ ತೆಗಿ. ಕೆಲವು ಟ್ರ್ಯಾಕ್ಟರಿಗೆ ಹೌಸಿಂಗ್ ತಳದಲ್ಲಿ ಸಣ್ಣ ತಗಡಿನ ಮುಚ್ಚಳ ಇರುತ್ತದೆ. ನಿನ್ನದಕ್ಕಿದ್ದರೆ ಅದೃಷ್ಟ, ಅರ್ಧ ಕೆಲಸ ಅಲ್ಲೇ ಮುಗೀತು.

ಕೈಗೆ ಸಿಗುವುದೆಲ್ಲಾ ಬಂದ ಮೇಲೆ ಸ್ಟಾಪ್ ನಾಬ್ ಎಳೆದು, ಗೇರ್ ನ್ಯೂಟ್ರಲ್ ಮಾಡಿ, ಮುಂದಿನ ಪುಲ್ಲಿ ನಟ್ಟಿಗೆ ದೊಡ್ಡ ಪಾನಾ ಹಾಕಿ ನಿಧಾನಕ್ಕೆ ತಿರುಗಿಸು. ಒಬ್ಬ ತಿರುಗಿಸಲಿ, ಒಬ್ಬ ತೂತಿನ ಹತ್ತಿರ ಕಿವಿ ಇಡಲಿ, ಬೆರಳು ಮಾತ್ರ ಒಳಗೆ ಇಡಬಾರದು. ಎಲ್ಲೋ ಹಿಡಿದಂತಾದರೆ ಅಲ್ಲೇ ನಿಲ್ಲಿಸಿ ಹಿಂದಕ್ಕೆ ತಿರುಗಿಸು, ಜೋರು ಮಾಡಬೇಡ.

ತೆಗೆದ ಚೂರುಗಳನ್ನು ಡೀಸೆಲ್‌ನಲ್ಲಿ ತೊಳೆದು, ಬಟ್ಟೆ ಮೇಲೆ ಹರವಿ, ಮುರಿದ ಮೂತಿಗೆ ಕೂಡಿಸಿ ನೋಡು. ಬೆಂಡಿಕ್ಸ್, ಅಂದರೆ ಸೆಲ್ಫ್ ತುದಿಯ ಸಣ್ಣ ಗೇರ್, ಅದರ ಹಲ್ಲುಗಳನ್ನೂ ಎಣಿಸು. ನಮ್ಮದರಲ್ಲಿ ಹುಣಸೆ ಬೀಜದಷ್ಟು ತುಂಡು ಕಡಿಮೆ ಬಂತು. ಮೆಕ್ಯಾನಿಕ್ ‘ಇರಲಿ ಬಿಡಿ, ಏನಾಗಲ್ಲ’ ಅಂದ. ಕಾಕಾ ಕೇಳಬೇಕಲ್ಲ! ಕೊನೆಗೆ ಅದು ಬಿಚ್ಚಿಟ್ಟ ಸೆಲ್ಫ್‌ನ ಸಂದಿಯಲ್ಲೇ ಸಿಕ್ಕಿಕೊಂಡಿತ್ತು.

ಹೊಸ ಸೆಲ್ಫ್ ಕೂರಿಸುವ ಮೊದಲು ರಿಂಗ್ ಗೇರನ್ನು ಪೂರ್ತಿ ಒಂದು ಸುತ್ತು ನೋಡು. ಮೂರು ಸಿಲಿಂಡರ್ ಎಂಜಿನ್ ಆಫ್ ಆದಾಗ ಹೆಚ್ಚಾಗಿ ಅದೇ ಮೂರು ಜಾಗದಲ್ಲಿ ನಿಲ್ಲುತ್ತದೆ, ಹಲ್ಲು ಸವೆಯುವುದೂ ಅಲ್ಲೇ. ಅಲ್ಲಿ ಹಲ್ಲು ಮುರಿದಿದ್ದರೆ ಮಾತ್ರ ಬಿಚ್ಚದೆ ಬೇರೆ ದಾರಿ ಇಲ್ಲ, ಹೊಸ ಸೆಲ್ಫೂ ಮುರಿಯುತ್ತದೆ. ಸೆಲ್ಫ್ ಬೋಲ್ಟ್ ಸಡಿಲ ಇತ್ತಾ ಅಂತಲೂ ನೆನಪು ಮಾಡ್ಕೋ. ನಮ್ಮದು ಮುರಿದದ್ದು ಅದರಿಂದಲೇ.

ಚೂರು ಹರವಿದ ಮೇಲೆ ಫೋಟೋ ಕಳಿಸು, ಕಾಕಾಗೂ ತೋರಿಸುತ್ತೇನೆ. ಮ್ಯಾಗ್ನೆಟ್ ಬೇಕಾದರೆ ನಾಳೆ ಸಂತೆಗೆ ಬರುವವರ ಕೈಲಿ ಕೊಟ್ಟು ಕಳಿಸಲಾ?

ನಿನ್ನ,
ಬಸು