ತೂತು ದೊಡ್ಡದು ಮಾಡಲು ಹೇಳಿದ್ದು ನೀವೇ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ತಪ್ಪು ವೂಫರ್ (ತಗ್ಗು ಸದ್ದಿನ ಸ್ಪೀಕರ್) ಕಳಿಸಿ, ವಾಪಸ್ ಪಡೆಯಲು ನಿರಾಕರಿಸಿದ ಬಗ್ಗೆ

ಮಾನ್ಯರೇ,

ಐದು ಸಲ ಫೋನ್ ಮಾಡಿ, ಐದು ಸಲವೂ "ಧನ್ಯವಾದ" ಹೇಳಿ ಇಟ್ಟವನು ನಾನು. ನಿನ್ನೆ ನಿಮ್ಮಿಂದ ಬಂದ ಒಂದು ಸಾಲಿನ ಉತ್ತರ ನೋಡಿದ ಮೇಲೆ ಈ ಪತ್ರ. "ಫ್ರೇಮಿನ ಮೇಲೆ ಮರದ ಪುಡಿ ಕಂಡುಬಂದಿದೆ, ಬಳಸಿದ ವಸ್ತು, ವಾಪಸ್ ಇಲ್ಲ." ಆ ಪುಡಿ ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ನನ್ನ ಹಳೆಯ ಸ್ಪೀಕರ್‌ಗಳ ಡಬ್ಬ ಇನ್ನೂ ಗಟ್ಟಿಯಾಗಿದೆ. ಹೋಗಿದ್ದು ವೂಫರ್ ಕೋನಿನ ಸುತ್ತಲಿನ ಫೋಮ್ ಮಾತ್ರ, ಮುಟ್ಟಿದರೆ ಪುಡಿಪುಡಿ. ಹೊಸ ಫೋಮ್ ಅಂಟಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಿಮ್ಮವರು "ಯಾಕೆ ಸರ್ ತಲೆನೋವು, ಹೊಸದೇ ಹಾಕಿ, ನೇರ ಕೂರುತ್ತೆ" ಎಂದರು. ಡಬ್ಬ ಪೂರ್ತಿ ಮುಚ್ಚಿದ್ದು, ಹಾಗಾಗಿ ಕ್ಯೂಟಿಎಸ್, ಅಂದರೆ ವೂಫರ್ ಎಂಥ ಡಬ್ಬಕ್ಕೆ ಹೊಂದುತ್ತದೆ ಅಂತ ತೋರಿಸುವ ಅಂಕಿ, ಎಷ್ಟು ಅಂತ ಕೇಳಿದೆ. "200 ವ್ಯಾಟ್ ಸರ್" ಎಂಬ ಉತ್ತರ ಬಂತು. ಥೀಲ್ ಎಂಬ ಎಂಜಿನಿಯರ್ 1961ರಲ್ಲಿ, ಸ್ಮಾಲ್ ಎಂಬ ಇನ್ನೊಬ್ಬರು 1970ರ ದಶಕದಲ್ಲಿ ವೂಫರ್-ಡಬ್ಬದ ಈ ಲೆಕ್ಕವನ್ನೆಲ್ಲ ಬರೆದಿಟ್ಟಿದ್ದಾರೆ. ನಿಮ್ಮ ಕಚೇರಿಗೆ ಇನ್ನೂ ತಲುಪಿಲ್ಲ ಅನಿಸುತ್ತೆ. ನಾನೂ ಸುಮ್ನೆ ತರಿಸಿಕೊಂಡೆ, ಅದು ನನ್ನ ತಪ್ಪು.

ಬಂದದ್ದು ಕೂರಲಿಲ್ಲ. ಡಬ್ಬದ ತೂತು 182 ಮಿಲಿಮೀಟರ್, ನಿಮ್ಮ ವೂಫರ್‌ಗೆ ಬೇಕಾದ್ದು 186. ಸ್ಕ್ರೂ ತೂತುಗಳೂ ಹೊಂದಲಿಲ್ಲ. ಇನ್ನು ಆ ಫೋನ್ ಮಾತುಕತೆ. ಫೋನ್ ಸ್ಪೀಕರ್‌ನಲ್ಲಿತ್ತು, ಮನೆಮಂದಿಯೆಲ್ಲ ಕೇಳುತ್ತಿದ್ದರು.

"ತೂತು ಇಂಚಲ್ಲಿ ಎಷ್ಟು ಸರ್?"

"ಏಳಕ್ಕಿಂತ ಸ್ವಲ್ಪ ಜಾಸ್ತಿ."

"ಹಾಗಾದ್ರೆ ನಿಮ್ದು ಏಳಿಂಚಿನ ಸ್ಪೀಕರ್. ಎಂಟಿಂಚು ಯಾಕೆ ತರಿಸಿದ್ರಿ?"

ಎಂಟಿಂಚು ಅನ್ನುವುದು ಫ್ರೇಮಿನ ಹೊರ ಅಳತೆ, ತೂತು ಯಾವಾಗಲೂ ಅದಕ್ಕಿಂತ ಚಿಕ್ಕದು ಎಂದು ವೂಫರ್ ಮಾರುವವರಿಗೆ ನಾನು ವಿವರಿಸಿದೆ. ಹನ್ನೊಂದು ನಿಮಿಷ ಕೊಳಲಿನ ಸಂಗೀತ ಕೇಳಿಸಿದರು. ಆಮೇಲೆ ಬಂದವರು ಹೇಳಿದ್ದು: "ಎರಡೆರಡು ಮಿಲಿಮೀಟರ್ ಅಲ್ವಾ ಸರ್, ಅರ ಹಾಕಿ ಉಜ್ಜಿಬಿಡಿ. ಎಲ್ರೂ ಹಂಗೇ ಮಾಡೋದು."

ಮೂರು ಸಂಜೆ ಉಜ್ಜಿದೆ. ಪಾರ್ಟಿಕಲ್ ಬೋರ್ಡ್ ಅದು, ಮರದ ಹಾಗೆ ನಯವಾಗಿ ಸವೆಯಲ್ಲ, ಹರಳು ಹರಳಾಗಿ ಉದುರುತ್ತದೆ. ಒಂದು ಕಡೆ ಅಂಚೇ ಕಿತ್ತುಬಂತು. ಗಾಳಿ ಸೋರದಂತೆ ಫೋಮ್ ಪಟ್ಟಿ ಅಂಟಿಸಿ, ಹೊಸದಾಗಿ ತೂತು ಕೊರೆದು ಸ್ಕ್ರೂ ಬಿಗಿದೆ. ಹತ್ತೇ ನಿಮಿಷಕ್ಕೆ ಆಂಪ್ಲಿಫೈಯರ್ ಬಿಸಿಯಾಗಿ ತಾನೇ ಆಫ್ ಆಯಿತು.

ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಲೇಬಲ್ ಮೇಲೆ 8 ಓಮ್ (ಕರೆಂಟ್ ಹರಿವಿಗೆ ಒಡ್ಡುವ ತಡೆಯ ಅಳತೆ). ಮೀಟರ್‌ನಲ್ಲಿ 3.4. ಮೀಟರ್ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಗೊತ್ತು. ನನ್ನ ಹಳೆಯ 8 ಓಮ್ ವೂಫರ್ 6.2 ತೋರಿಸುತ್ತದೆ. 3.4 ಅಂದರೆ ಅದು 4 ಓಮಿನದು. ಹಳೆಯ ಕ್ರಾಸ್‌ಓವರ್ (ಡಬ್ಬದೊಳಗಿನ ಸ್ಪೀಕರ್‌ಗಳಿಗೆ ಸದ್ದು ಹಂಚುವ ಸರ್ಕ್ಯೂಟ್) 8 ಓಮ್ ಲೆಕ್ಕಕ್ಕೆ ಕಟ್ಟಿದ್ದು, ಆಂಪ್ಲಿಫೈಯರ್ ಕೂಡ ಅಷ್ಟಕ್ಕೇ. ಅದರ ಅರ್ಧದಷ್ಟೇ ಓಮಿನ ವೂಫರ್ ಹಾಕಿದರೆ ಕರೆಂಟ್ ಎರಡು ಪಟ್ಟು ಎಳೆಯುತ್ತದೆ.

ಮತ್ತೆ ಫೋನ್. "ಸೌಂಡ್ ಬರ್ತಿದ್ಯಾ ಸರ್? ಫೋನನ್ನ ವೂಫರ್ ಹತ್ರ ಹಿಡೀರಿ." ಮೊಣಕಾಲೂರಿ ಕೂತು, ಫೋನನ್ನು ಕೋನಿಗೆ ಹಿಡಿದೆ. ಹಿಂದೆ ಮಕ್ಕಳು ಕಿಸಕ್ಕೆಂದರು. "ಚೆನ್ನಾಗೇ ಕೇಳ್ತಿದೆ ಸರ್. ಒಂದ್ಸಲ ಕಿವಿ ತೋರಿಸ್ಕೊಳ್ಳಿ." ಸ್ವಾಮಿ, ಸಾದಾ ಫೋನ್ ಕರೆಯಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಹೆಚ್ಚುಕಡಿಮೆ ಸಾಗುವುದೇ ಇಲ್ಲ. ವೂಫರ್‌ಗೆ ಸಂಬಳ ಕೊಡುವುದೇ ಅದರ ಕೆಳಗಿನ ಕೆಲಸಕ್ಕೆ. ನಿಮ್ಮ ಪರೀಕ್ಷಾ ವಿಧಾನಕ್ಕೆ ಒಂದು ಪದಕ ಕೊಡಬೇಕು.

ಲೇಬಲ್ ಒಂದು, ಮಾಲು ಇನ್ನೊಂದು ಆದಾಗ ಏನು ಮಾಡಬೇಕು ಅನ್ನುವ ನಿಯಮ ನಿಮ್ಮದೇ. ನಾನು ಓದಿ ಹೇಳಬೇಕಾಗಿಲ್ಲ. ದುಡ್ಡು ವಾಪಸ್ ಬೇಕು, ಹಾಳಾದ ಡಬ್ಬಕ್ಕೂ ಪರಿಹಾರ ಬೇಕು ಎಂದು ಬರೆಯಲು ಕೂತಿದ್ದೆ. ಈಗ ನಿಜ ಹೇಳಬೇಕೆಂದರೆ, ನೀವು ಕೊಡದಿದ್ದರೇ ನನಗೆ ಖುಷಿ. ಏಳು ದಿನ ಕಾಯುತ್ತೇನೆ. ಎಂಟನೇ ದಿನ ಗ್ರಾಹಕ ನ್ಯಾಯಾಲಯಕ್ಕೆ ಎರಡೂ ಡಬ್ಬ, ಮೀಟರ್, ಆಂಪ್ಲಿಫೈಯರ್ ಹೊತ್ತು ತಂದು, ನಿಮ್ಮ ವೂಫರನ್ನು ಅಲ್ಲೇ ಹಾಡಿಸುತ್ತೇನೆ. ನಿಮ್ಮ ಕಡೆಯಿಂದ ಬರುವವರು ಇಂಚುಪಟ್ಟಿ ತರಲಿ. "ಗುಣಮಟ್ಟಕ್ಕಾಗಿ ಕರೆ ರೆಕಾರ್ಡ್ ಆಗುತ್ತಿದೆ" ಎಂದು ಪ್ರತಿ ಸಲವೂ ಹೇಳುತ್ತೀರಲ್ಲ, ಆ ಐದೂ ರೆಕಾರ್ಡ್ ಅಳಿಸಬೇಡಿ. ಅರ ಹಾಕಿ ಉಜ್ಜಲು ಹೇಳಿದ ಧ್ವನಿ ಅದರಲ್ಲೇ ಇದೆ.

ಇಂತಿ,
ನಿಮ್ಮ ಏಳಿಂಚಿನ ಗ್ರಾಹಕ